ಒಂದು ‘ಬಾ’ಗೆ ಎಷ್ಟು ಜನ ಅಪ್ಪ ಅಮ್ಮ?



ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಪ್ರೆಸ್ಸಿಗೆ ಕಾಗದ ತರಲು ಸುಲ್ತಾನ್‌ಪೇಟೆಗೆ ಹೋಗುತ್ತಿದ್ದೆ. ಅಂಗಡಿಯವರು ಗುಜರಾತಿಗಳು. ಒಂದು ದಿನ ಗಲ್ಲಾದ ಹತ್ತಿರ ನಿಂತಿದ್ದ ಅವರ ಹುಡುಗ, ನನ್ನ ವಯಸ್ಸಿನವನೇ, ‘ಬಾ!’ ಎಂದು ಕೂಗಿದ. ನಾನು ಕೈಯಲ್ಲಿದ್ದ ರೀಮು ಕೆಳಗಿಟ್ಟು ಓಡಿದೆ. ಅವನು ನನ್ನನ್ನೇ ಪಿಳಿಪಿಳಿ ನೋಡಿದ. ಅಷ್ಟರಲ್ಲಿ ಮಹಡಿಯಿಂದ ಅವನ ತಾಯಿ ಇಳಿದು ಬಂದರು. ಗುಜರಾತಿಯಲ್ಲಿ ‘ಬಾ’ ಅಂದರೆ ಅಮ್ಮ! ನಮ್ಮ ಕಸ್ತೂರಬಾ ರಸ್ತೆಯ ಬೋರ್ಡಿನಲ್ಲಿರುವುದೂ ಅದೇ ಬಾ. ಅವನು ಕರೆದದ್ದು ಅಮ್ಮನನ್ನು, ಹೋದವನು ನಾನು.

ಈ ಹಳೆಯ ಕತೆ ಈಗ ನೆನಪಾಗಲು ಒಂದು ಕರಪತ್ರ ಕಾರಣ. ಹೋದ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಹುಡುಗರು ಅದನ್ನು ಅಚ್ಚು ಹಾಕಿಸಲು ಬಂದಿದ್ದರು. ಮುಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ‘ಜಗತ್ತಿನ ಭಾಷೆಗಳಿಗೆಲ್ಲ ಕನ್ನಡವೇ ತಾಯಿ’. ಕೆಳಗೆ ಪುರಾವೆಗಳ ಪಟ್ಟಿ. ಪಟ್ಟಿಯ ಮೊದಲನೆಯ ಪದವೇ ‘ಬಾ’. ಚೀನಾದಲ್ಲಿ ಬಾ ಇದೆ, ಜಪಾನಿನಲ್ಲಿ ಬಾ ಇದೆ, ವಿಯೆಟ್ನಾಮಿನಲ್ಲಿ ಬಾ ಇದೆ, ಆದ್ದರಿಂದ ಅವೆಲ್ಲ ನಮ್ಮ ಮಕ್ಕಳು! ಹಿಂಬದಿಯಲ್ಲಿ ಬಡಾವಣೆಯ ಒಂದು ಬ್ಯಾಂಕಿಗೆ ಬೇಡಿಕೆ: ಹಣ ಕಟ್ಟುವ ಚಲನ್, ಸಾಲದ ಅರ್ಜಿ ಕನ್ನಡದಲ್ಲಿರಲಿ, ಕೌಂಟರಿನಲ್ಲಿ ಕನ್ನಡ ಬಲ್ಲ ಒಬ್ಬರಾದರೂ ಇರಲಿ.

ನನಗೆ ಅನುಮಾನ ಬಂತು. ಆದರೂ ಬಾಯಿ ಬಿಡಲಿಲ್ಲ. 3000 ಪ್ರತಿಯ ಆರ್ಡರ್, ಹಬ್ಬದ ಕಾಲ, ಪೇಪರಿನ ಬಾಕಿ ಬೇರೆ. ಅಚ್ಚು ಹಾಕಿ ಕೊಟ್ಟೆ.

ಬ್ಯಾಂಕಿನಲ್ಲಿ ಆದದ್ದನ್ನು ಹುಡುಗರೇ ಬಂದು ಹೇಳಿದರು. ಮ್ಯಾನೇಜರ್ ಮುಂಬದಿ ಓದಿಸಿಕೊಂಡು ಕೇಳಿದರಂತೆ: ‘ವಿಯೆಟ್ನಾಮಿಗೆ ಹೋಗಿ ಬಾ ಅಂದರೆ ಅವರು ಬರುತ್ತಾರಾ?’ ಕೌಂಟರಿನವರೆಲ್ಲ ನಕ್ಕರು. ಸಾಲಿನಲ್ಲಿ ನಿಂತಿದ್ದ ನಮ್ಮವರೂ ನಕ್ಕರು. ಹಾಳೆಯನ್ನು ಯಾರೂ ತಿರುವಲಿಲ್ಲ. ಚಲನ್ ಈಗಲೂ ಇಂಗ್ಲಿಷ್, ಹಿಂದಿಯಲ್ಲೇ ಇದೆ. ಈ ನಗೆಪಾಟಲಿನಲ್ಲಿ ಅರ್ಧ ಪಾಲು ನನ್ನದು.

ಹಾಗಾದರೆ ಆ ದೇಶಗಳಲ್ಲಿ ‘ಬಾ’ ಅಂದರೆ ಏನು? ವಿಯೆಟ್ನಾಮಿನಲ್ಲಿ ಮೂರು. ರಾಗ ಬದಲಿಸಿದರೆ ಅಜ್ಜಿ. ಚೀನಿಯಲ್ಲಿ ಒಂದು ರಾಗದಲ್ಲಿ ಎಂಟು, ಇನ್ನೊಂದರಲ್ಲಿ ಅಪ್ಪ. ಜಪಾನಿಯಲ್ಲಿ ಜಾಗ. ನೈಜೀರಿಯಾ ಕಡೆಯ ಹೌಸಾ ಭಾಷೆಯಲ್ಲಿ ‘ಅಲ್ಲ’ ಎನ್ನಲು ಬಳಸುವ ಮಾತು. ಹಳೆಯ ಈಜಿಪ್ಟಿನವರಿಗೆ ‘ಬಾ’ ಸತ್ತವನ ಆತ್ಮ, ಅದನ್ನು ಮನುಷ್ಯನ ತಲೆಯ ಹಕ್ಕಿಯಾಗಿ ಬರೆಯುತ್ತಿದ್ದರು. ಕರೆದರೆ ಬರುವ ‘ಬಾ’ ಇದರಲ್ಲಿ ಒಂದೂ ಇಲ್ಲ.

ಇದರಲ್ಲಿ ಮಾಯವೂ ಇಲ್ಲ, ಮಂತ್ರವೂ ಇಲ್ಲ. ಮೊಳೆ ಜೋಡಿಸುತ್ತಿದ್ದ ಕಾಲ ನೋಡಿದವನಿಗೆ ಇದು ಸುಲಭವಾಗಿ ಹೊಳೆಯುತ್ತದೆ. ಬೆಳಿಗ್ಗೆ ಮದುವೆ ಕಾರ್ಡಿಗೆ ಜೋಡಿಸಿದ ‘ಬ’ ಮೊಳೆಯನ್ನೇ ಬಿಚ್ಚಿ ಸಂಜೆ ವೈಕುಂಠ ಸಮಾರಾಧನೆಯ ಕಾರ್ಡಿಗೆ ಜೋಡಿಸುತ್ತಿದ್ದೆವು. ಮೊಳೆ ಒಂದೇ ಎಂದು ಎರಡು ಮನೆಯವರು ನೆಂಟರಾಗಲಿಲ್ಲ. ಮನುಷ್ಯನ ಬಾಯಿಯೂ ಹಾಗೇ. ಲೋಕದಲ್ಲಿ ಸುಮಾರು 7000 ಭಾಷೆಗಳಿವೆ. ಬಾಯಿಯಲ್ಲಿ ಸಲೀಸಾಗಿ ಹೊರಡುವ ಒಂದಕ್ಷರದ ಸದ್ದುಗಳು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಲ್ಲರೂ ಅದೇ ಡಬ್ಬಿಗೆ ಕೈ ಹಾಕಬೇಕು. ಅದರಲ್ಲೂ ‘ಬಾ’, ‘ಮಾ’, ‘ಪಾ’ ಎಂದರೆ ತುಟಿ ಕೂಡಿಸಿ ಬಿಟ್ಟರೆ ಬರುವ ಸದ್ದು, ಹಸುಗೂಸಿನ ಮೊದಲ ತೊದಲು. ಕೂಸು ತೊದಲುತ್ತದೆ, ಎದುರಿಗಿದ್ದವರು ನನ್ನನ್ನೇ ಕರೆಯಿತು ಎಂದು ಹಿಗ್ಗುತ್ತಾರೆ. ಗುಜರಾತಿನ ಅಮ್ಮನೂ ಚೀನಾದ ಅಪ್ಪನೂ ‘ಬಾ’ ಆದದ್ದಕ್ಕೆ ಪಂಡಿತರು ಹೇಳುವ ಕಾರಣ ಇದೇ.

‘ಅಣ್ಣ, ಸದ್ದೂ ಒಂದೇ ಅರ್ಥವೂ ಒಂದೇ ಆದರೆ?’ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಎಂಬಬರಂ ಎಂಬ ಮೂಲನಿವಾಸಿಗಳ ಭಾಷೆ ಇತ್ತು. ಅದರಲ್ಲಿ ನಾಯಿಗೆ ‘ಡಾಗ್’ ಎನ್ನುತ್ತಿದ್ದರು! ಇಂಗ್ಲಿಷಿನವರಿಂದ ಕಲಿತದ್ದಲ್ಲ. ಅಕ್ಕಪಕ್ಕದ ಭಾಷೆಗಳಲ್ಲಿ ‘ಗುಡಗ’ ಎಂದಿರುವ ಪದ ಸವೆದು ಸವೆದು ಹಾಗಾದದ್ದು. ಇಂಗ್ಲಿಷಿನ ‘ಬ್ಯಾಡ್’, ಪಾರ್ಸಿಯ ‘ಬದ್’, ಎರಡಕ್ಕೂ ಅರ್ಥ ಕೆಟ್ಟದ್ದು. ಆ ಭಾಷೆಗಳು ದೂರದ ನೆಂಟರು ಹೌದು, ಆದರೆ ಈ ಪದಗಳು ಬೇರೆ ಬೇರೆ ದಾರಿಯಲ್ಲಿ ಬಂದವು. ಒಂದು ಪದ ಹೊಂದಿದರೆ ಅದು ಲಾಟರಿ ಹೊಡೆದಂತೆ. ಲಾಟರಿ ಟಿಕೆಟ್ಟು ತೋರಿಸಿ ಆಸ್ತಿಯಲ್ಲಿ ಪಾಲು ಕೇಳಲಾಗುವುದಿಲ್ಲ.

ನಿಜವಾದ ನಂಟು ಸಾಲುಸಾಲಾಗಿ ಬರುತ್ತದೆ. ನಮ್ಮ ‘ಬಾ’ ತಮಿಳಿನಲ್ಲಿ ‘ವಾ’. ಸದ್ದು ಬೇರೆ, ಆದರೂ ಒಂದೇ ಬೇರು. ಹೇಗೆ ಗೊತ್ತು? ನಮ್ಮ ಬಾಯಿ ಅವರ ವಾಯ್, ಬಿಲ್ಲು ವಿಲ್, ಬೇರು ವೇರ್, ಬಾಳೆ ವಾಳೈ. ಪದದ ಮೊದಲಿಗೆ ಅಲ್ಲಿ ‘ವ’ ಇದ್ದ ಕಡೆ ಇಲ್ಲಿ ‘ಬ’, ಕಾನೂನಿನ ಹಾಗೆ. ತೆಲುಗಿನ ‘ರಾ’ ಕಿವಿಗೆ ಇನ್ನೂ ದೂರ, ಆದರೆ ಅದೂ ಈ ಮನೆಯದೇ. ನೋಡಿ ತಮಾಷೆ! ಹಾಗೇ ಕೇಳಿಸುವ ಗುಜರಾತಿ ‘ಬಾ’ ಹೊರಗಿನದು, ಬೇರೆ ಥರ ಕೇಳಿಸುವ ‘ರಾ’ ಒಡಹುಟ್ಟು. ಇದನ್ನು ಎಲ್ಲಿಸ್ 1816ರಲ್ಲಿ ತೋರಿಸಿದ, ಕಾಲ್ಡ್‌ವೆಲ್ 1856ರಲ್ಲಿ ಪುಸ್ತಕವನ್ನೇ ಬರೆದ. 1894ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟಲ್ ಕೋಶದಲ್ಲಿ ಪದದ ಪಕ್ಕದಲ್ಲೇ ತಮಿಳು, ತೆಲುಗಿನ ನೆಂಟರನ್ನು ಗುರುತು ಹಾಕಿದ್ದಾರೆ. ಮೊಳೆಯ ಕಾಲದಲ್ಲಿ ಇಷ್ಟು ಭಾಷೆಯ ಪದಗಳನ್ನು ಜೋಡಿಸಿ ಅಚ್ಚು ಹಾಕಿದ ಕೈಗಳಿಗೆ ನಾನು ಪ್ರತಿ ಸಲ ಮನಸ್ಸಿನಲ್ಲೇ ನಮಸ್ಕಾರ ಹಾಕುತ್ತೇನೆ.

ಈ ಸಾಲು ನಮ್ಮ ಕೈಲಿದ್ದರೆ ಏನಾಗುತ್ತದೆ ಗೊತ್ತೇ? 2025ರ ಮೇ ತಿಂಗಳಲ್ಲಿ ತಮಿಳಿನ ದೊಡ್ಡ ನಟರೊಬ್ಬರು ಚೆನ್ನೈನಲ್ಲಿ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ನಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನಮ್ಮಲ್ಲಿ ಕೆಲವರು ಕೊಟ್ಟ ಉತ್ತರ ಏನು? ‘ಇಲ್ಲ, ತಮಿಳೇ ಕನ್ನಡದಿಂದ ಹುಟ್ಟಿದ್ದು!’ ಅದೇ ಸುಳ್ಳನ್ನು ಮಗುಚಿ ಹಾಕಿದಂತಾಯಿತು. ಉತ್ತರ ನಮ್ಮ ಕಿವಿಯಲ್ಲೇ ಇತ್ತು ಗೆಳೆಯರೇ! ನಾವು ಕಿವಿ ಎನ್ನುತ್ತೇವೆ, ಅವರು ಸೆವಿ ಎನ್ನುತ್ತಾರೆ. ನಮ್ಮ ಕೆಂದಾವರೆ ಅವರ ಸೆಂದಾಮರೈ. ಇಲ್ಲಿ ಹಳೆಯ ‘ಕ’ಕಾರ ಉಳಿಸಿಕೊಂಡವರು ನಾವು, ಬದಲಿಸಿಕೊಂಡವರು ಅವರು. ‘ವಾ’ ವಿಷಯದಲ್ಲಿ ಹಳತನ್ನು ಉಳಿಸಿಕೊಂಡವರು ಅವರು, ಬದಲಿಸಿದವರು ನಾವು. ಮಗಳ ಹತ್ತಿರ ಇರುವ ಹಳೆಯ ಒಡವೆ ತಾಯಿಯ ಹತ್ತಿರ ಇಲ್ಲವೆಂದರೆ ಆಕೆ ತಾಯಿ ಹೇಗಾದಾಳು? ಇಬ್ಬರೂ ಒಬ್ಬಳೇ ತಾಯಿಯ ಮಕ್ಕಳು. ಆ ತಾಯಿಯ ಹೆಸರು ತಮಿಳೂ ಅಲ್ಲ, ಕನ್ನಡವೂ ಅಲ್ಲ.

ಹುಡುಗರು ಮೊದಲು ಮುಖ ಊದಿಸಿಕೊಂಡರು. ಒಬ್ಬನಂತೂ ‘ನೀವು ಯಾರ ಕಡೆ ಅಣ್ಣ?’ ಎಂದೇ ಕೇಳಿದ. ಕಿಟ್ಟಲ್ ಕೋಶ ಅವನ ಮುಂದಿಟ್ಟು ಚಹಾ ತರಿಸಿದೆ. ಎರಡು ಗಂಟೆ ಪುಟ ತಿರುವುತ್ತ ಕೂತ.

ಈ ವಾರ ಹೊಸ ಕರಪತ್ರ ಸಿದ್ಧವಾಗಿದೆ. ಮುಂಬದಿಯಲ್ಲಿ ಚಲನ್ ಬೇಡಿಕೆ ಮಾತ್ರ. ಹಿಂಬದಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಿವಿ-ಸೆವಿ ಸಾಲು, ಅದು ಆ ಹುಡುಗನ ಹಟ. ಪ್ರೂಫ್ ನಾನೇ ಮೂರು ಸಲ ನೋಡಿದ್ದೇನೆ, ಕೂಲಿ ತೆಗೆದುಕೊಂಡಿಲ್ಲ. ಸೋಮವಾರ ಬೆಳಿಗ್ಗೆ 11ಕ್ಕೆ ಅದೇ ಬ್ಯಾಂಕಿಗೆ ಹೋಗುತ್ತಿದ್ದೇವೆ. ಬನ್ನಿ.