3,200 ರೂಪಾಯಿ ಪಂಪಿಗೆ 23,000 ಯಾಕೆ ಕೊಡಬೇಕು?

ಕಾರಿನ ವಾಟರ್ ಪಂಪ್ ದೊಡ್ಡ ಯಂತ್ರವೇನಲ್ಲ. ಒಂದು ಕೈಯಲ್ಲಿ ಹಿಡಿಯುವಷ್ಟು ಲೋಹದ ತುಂಡು. ಒಳಗೆ ಒಂದು ರೆಕ್ಕೆಚಕ್ರ, ಒಂದು ಬೇರಿಂಗು, ಒಂದು ಸೀಲು. ಇಂಜಿನ್ ತಿರುಗಿದಾಗ ಅದೂ ತಿರುಗುತ್ತದೆ, ಕೂಲಂಟನ್ನು ಇಂಜಿನ್ನಿಗೂ ರೇಡಿಯೇಟರಿಗೂ ನಡುವೆ ಓಡಾಡಿಸುತ್ತದೆ. ಅದರ ಕೆಲಸ ಅಷ್ಟೇ. ಆದರೆ ಅದು ಕೈಕೊಟ್ಟರೆ ನಮ್ಮಂಥವರ ಒಂದು ತಿಂಗಳ ದುಡಿಮೆ ಹೋಗುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮದು ಹೋಯಿತು. ನಾಲ್ಕು ಜನ ದುಡ್ಡು ಹಾಕಿ ಕೊಂಡ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ನಮ್ಮದು. ಸುದ್ದಿಗೆ ಹೋಗಲಿಕ್ಕೂ ಅದೇ, ರಾತ್ರಿ ಊರಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೂ ಅದೇ. ಮೊಳಕಾಲ್ಮೂರಿನಿಂದ ಬರುವಾಗ ಚಳ್ಳಕೆರೆ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು. ನಿಲ್ಲಿಸಿ ನೋಡಿದರೆ ಇಂಜಿನ್ ಕೆಳಗೆ ಕೂಲಂಟ್ ಸೋರಿ ನೆಲ ಒದ್ದೆಯಾಗಿತ್ತು.

ಹತ್ತಿರದ ಗ್ಯಾರೇಜಿನ ಮೆಕ್ಯಾನಿಕ್ ಬಂದು ಬಗ್ಗಿ ನೋಡಿ ಐದೇ ನಿಮಿಷದಲ್ಲಿ ರೋಗ ಹೇಳಿದರು. "ಪಂಪ್ ಸೀಲ್ ಹೋಗಿದೆ ಸಾರ್. ಆದ್ರೆ ಇದು ಟೈಮಿಂಗ್ ಬೆಲ್ಟ್ ಹಿಂದೆ ಐತೆ. ಬೆಲ್ಟ್ ಬಿಚ್ಬೇಕಂದ್ರೆ ಈ ಇಂಜಿನ್‌ಗೆ ಬೇರೆ ಲಾಕಿಂಗ್ ಪಿನ್ ಬೇಕು, ನನ್ನ ಹತ್ರ ಇಲ್ಲ. ಒಂದು ಹಲ್ಲು ಆಚೀಚೆ ಕೂತ್ರೂ ವಾಲ್ವು ಪಿಸ್ಟನ್‌ಗೆ ಹೊಡೀತದೆ. ಆಮೇಲೆ ನಿಮ್ ಇಂಜಿನ್ನೂ ಹೋಯ್ತು, ನನ್ ಹೆಸ್ರೂ ಹೋಯ್ತು. ದಾವಣಗೆರೆಗೆ ಒಯ್ರಿ." ನೋಡಿದ್ದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ದಾವಣಗೆರೆಯ ಕಂಪನಿ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋದ ಗಾಡಿಗೆ 6,000. ಪಂಪಿಗೆ 3,200. ಟೈಮಿಂಗ್ ಬೆಲ್ಟ್, ಟೆನ್ಷನರ್ ಸೇರಿದ ಕಿಟ್ಟಿಗೆ 7,400. ಕೂಲಂಟಿಗೆ 1,300. ಲೇಬರ್ 5,100. ತೆರಿಗೆ ಸೇರಿ ಒಟ್ಟು 23,000. ಪಂಪ್ ಸ್ಟಾಕ್ ಇಲ್ಲವೆಂದು ಕಾರು ಐದು ದಿನ ಅಲ್ಲೇ ನಿಂತಿತ್ತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಪಂಪಿನ ಜೊತೆ ಬೆಲ್ಟನ್ನೂ ಹಾಕಿದ್ದು ಮೋಸವಲ್ಲ. ಇಂಥ ಇಂಜಿನ್ನಿನಲ್ಲಿ ಪಂಪನ್ನು ತಿರುಗಿಸುವುದೇ ಟೈಮಿಂಗ್ ಬೆಲ್ಟು. ಬಿಚ್ಚಿದ ಮೇಲೆ ಹಳೇ ಬೆಲ್ಟನ್ನೇ ಹಾಕಿದರೆ ಮುಂದೆ ಅದಕ್ಕಾಗಿ ಇದೇ ಲೇಬರನ್ನು ಇನ್ನೊಂದು ಸಲ ಕೊಡಬೇಕಾಗುತ್ತದೆ. ಬೆಲ್ಟ್ ಬದಲಿಸುವಾಗ ಪಂಪನ್ನೂ ಬದಲಿಸಿ ಎಂದು ತಿಳಿದವರು ಹೇಳುವುದು ಇದಕ್ಕೇ. ಎಲ್ಲಾ ಕಾರುಗಳೂ ಹೀಗಿಲ್ಲ. ಕೆಲವು ಇಂಜಿನ್ನುಗಳಲ್ಲಿ ಪಂಪ್ ಹೊರಗಿನ ಬೆಲ್ಟಿನಿಂದ ತಿರುಗುತ್ತದೆ, ಕೆಲಸ ಸುಲಭ. ಹಳೇ ಕಾರು ಕೊಳ್ಳುವ ಮೊದಲು ಇದೊಂದನ್ನು ಕೇಳಿ ತಿಳಿದುಕೊಳ್ಳಿ.

ನಮ್ಮ ಜಗಳ ಬೇರೆ. ರೋಗ ಗುರುತಿಸುವ ಕೈ ಚಳ್ಳಕೆರೆಯಲ್ಲೇ ಇತ್ತು. ಆ ಕೈಗೆ ಪಿನ್ನು, ಕೈಪಿಡಿ, ಅಸಲಿ ಪಂಪು ಯಾಕೆ ಸಿಗಲಿಲ್ಲ? ಸಿಕ್ಕಿದ್ದರೆ ನಮ್ಮ ಆರು ಸಾವಿರ ಟೋಯಿಂಗ್ ಉಳಿಯುತ್ತಿತ್ತು, ಲೇಬರ್ ನಮ್ಮ ಊರಲ್ಲೇ ಉಳಿಯುತ್ತಿತ್ತು.

ಈ ಪ್ರಶ್ನೆ ನಾವೇ ಮೊದಲು ಕೇಳಿದ್ದಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಂದರೆ ಸಿಸಿಐ, 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೇಲೆ ದಂಡ ಹಾಕಿತು. ಬಿಡಿಭಾಗ, ಉಪಕರಣ, ತಾಂತ್ರಿಕ ಮಾಹಿತಿಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿದ್ದೀರಿ ಎಂಬುದು ತಪ್ಪು. ಬಿಡಿಭಾಗಗಳ ಎಂಆರ್‌ಪಿಯನ್ನು ವೆಬ್‌ಸೈಟಿನಲ್ಲಿ ಹಾಕಿ ಎಂದಿತು. ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿ ಪೂರ್ತಿ ರದ್ದು ಎಂಬ ಷರತ್ತು ಹಾಕಬೇಡಿ ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕಿ'ಗೆಂದು ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಅದರ ಪಟ್ಟಿಯಲ್ಲಿ ಮೊಬೈಲ್, ಕೃಷಿ ಯಂತ್ರಗಳ ಜೊತೆ ವಾಹನಗಳೂ ಇವೆ. ಇಷ್ಟೆಲ್ಲ ಆದರೂ ಚಳ್ಳಕೆರೆಯ ಗ್ಯಾರೇಜಿಗೆ ಒಂದು ಪಿನ್ನು ಬಂದಿಲ್ಲ.

ನಕಲಿ ಮಾಲು ಬರುತ್ತದೆ, ಕಲಿಯದವರು ಕೈಹಾಕಿ ಇಂಜಿನ್ ಹಾಳುಮಾಡುತ್ತಾರೆ ಎಂದು ಕಂಪನಿಗಳು ಹೇಳುತ್ತವೆ. ಭಯ ಸುಳ್ಳಲ್ಲ. ನಮ್ಮ ಮೆಕ್ಯಾನಿಕ್ ಕೈಹಾಕದೆ ಬಿಟ್ಟದ್ದೂ ಅದಕ್ಕೇ. ಹಾಗಿದ್ದರೆ ಅಸಲಿ ಮಾಲನ್ನು ತಾಲ್ಲೂಕಿನ ಸ್ಪೇರ್ಸ್ ಅಂಗಡಿಯಲ್ಲಿ ಮಾರಲಿ. ಮೆಕ್ಯಾನಿಕ್‌ಗಳಿಗೆ ದುಡ್ಡು ತೆಗೆದುಕೊಂಡೇ ತರಬೇತಿ ಕೊಡಲಿ. ಕಲಿಸುವುದೂ ಇಲ್ಲ, ಕಲಿತಿಲ್ಲ ಎಂದು ದೂರುವುದೂ ಬಿಡುವುದಿಲ್ಲ ಅಂದರೆ ಹೇಗೆ?

ಇನ್ನು ನಮ್ಮ ತಪ್ಪು. ಕಾರು ಬಿಸಿಯಾದಾಗಲೆಲ್ಲ ನಾವು ಬೋರ್‌ವೆಲ್ ನೀರನ್ನು ತಂದು ಸುರಿದಿದ್ದೇವೆ. ನಮ್ಮ ಸೀಮೆಯ ನೀರು ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಕಟ್ಟುವುದು ನಿಮಗೇ ಗೊತ್ತು. ಇಂಜಿನ್ನಿನ ಒಳಗೂ ಅದೇ ಕಟ್ಟುತ್ತದೆ. ಅದರ ಕಣಗಳು ಪಂಪಿನ ಸೀಲನ್ನು ತಿನ್ನುತ್ತವೆ, ಬರೀ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಬೇಕು, ಬೆರೆಸುವುದಿದ್ದರೆ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಒಂದು ಕ್ಯಾನಿನ ದುಡ್ಡು ಉಳಿಸಲು ಹೋಗಿ ನಾವು ಪಂಪು ಕಳೆದುಕೊಂಡೆವು.

ಪಂಪು ಹೋಗುವ ಮೊದಲು ಸೂಚನೆ ಕೊಡುತ್ತದೆ. ಸೀಲು ಹಾಳಾದರೆ ಪಂಪಿನ ಸಣ್ಣ ತೂತಿನಿಂದ ಕೂಲಂಟ್ ತೊಟ್ಟಿಕ್ಕುತ್ತದೆ, ಒಣಗಿದ ಮೇಲೆ ಬಣ್ಣದ ಕಲೆ ಉಳಿಯುತ್ತದೆ. ಬೇರಿಂಗು ಹೋಗುತ್ತಿದ್ದರೆ ಬೆಲ್ಟಿನ ಕಡೆಯಿಂದ ಕುಯ್ಯೋ ಎನ್ನುವ ಸದ್ದು. ಮುಳ್ಳು ಏರಿದರೆ ಅಲ್ಲೇ ನಿಲ್ಲಿಸಿ, ಇಂಜಿನ್ ಆಫ್ ಮಾಡಿ. 'ಇನ್ನೈದು ಕಿಲೋಮೀಟರ್ ತಾನೇ' ಎಂದು ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗಿ ಹೆಡ್ಡೂ ಸೊಟ್ಟಗಾಗಬಹುದು, ಆಗ ನಮ್ಮ 23,000 ನಿಮಗೆ ಅಗ್ಗ ಅನ್ನಿಸುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೆಯಬೇಡಿ, ಮುಖ ಸುಟ್ಟುಕೊಂಡವರಿದ್ದಾರೆ.

ಸರ್ವಿಸ್ ಸೆಂಟರಿಗೆ ಹೋಗಲೇಬೇಕಾದರೆ ಕೆಲಸ ಶುರುವಾಗುವ ಮೊದಲೇ ಎಸ್ಟಿಮೇಟ್ ಬರೆಸಿಕೊಳ್ಳಿ. ಬಿಡಿಭಾಗಕ್ಕೆಷ್ಟು, ಲೇಬರಿಗೆಷ್ಟು, ತೆರಿಗೆಗೆಷ್ಟು ಎಂದು ಬೇರೆ ಬೇರೆ ಇರಲಿ. ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ, ಬಿಲ್ಲಿನಲ್ಲಿ ನೋಡಿಕೊಳ್ಳಿ. ತೆಗೆದ ಹಳೇ ಪಂಪನ್ನು ಕೇಳಿ ತನ್ನಿ. ಅನ್ಯಾಯ ಅನ್ನಿಸಿದರೆ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ನಿಮ್ಮ ಜಿಲ್ಲೆಯಲ್ಲೇ ಹಾಕಬಹುದು.

ನಮ್ಮ ಹಳೇ ಪಂಪನ್ನು ಚಳ್ಳಕೆರೆಯ ಆ ಮೆಕ್ಯಾನಿಕ್‌ಗೇ ಕೊಟ್ಟು ಬಂದೆವು. ಬಿಚ್ಚಿ ಸೀಲು ತೋರಿಸಿದರು. "ಪಿನ್ ಒಂದಿದ್ರೆ ಇದು ಒಂದು ದಿನದ ಕೆಲಸ ಸಾರ್" ಅಂದರು. ಆ ಪಿನ್ನು ಅವರ ಕೈಗೆ ಬರುವವರೆಗೂ ನಾವು ಇದನ್ನು ಬರೆಯುತ್ತಲೇ ಇರುತ್ತೇವೆ.