ಹೆಣ್ಣಿಲ್ಲದ ಹಿಂಡು

ನಾರಾಯಣಪೇಟೆ, ಮಕ್ತಲ್ ಕಡೆಯ ಹೊಲಗಳಲ್ಲಿ ನಾವು ಜಿಂಕೆಯೆಂದು ಕರೆಯುವುದು ಕೃಷ್ಣಮೃಗವನ್ನು. ಕೆಲವು ಹಿಂಡುಗಳಲ್ಲಿ ಒಂದು ಹೆಣ್ಣೂ ಇರುವುದಿಲ್ಲ.

ಗಂಡುಮರಿ ಬೆಳೆದು ಕೋಡು ಮೂಡುತ್ತಿದ್ದಂತೆ ಬಲಿಷ್ಠ ಗಂಡು ಅದನ್ನು ತಾಯಿಯ ಹಿಂಡಿನಿಂದ ಹೊರಗಟ್ಟುತ್ತದೆ. ಒಂಟಿಯಾದರೆ ತೋಳ, ನಾಯಿಗಳ ಭಯ. ಆದುದರಿಂದ ತನ್ನಂತಹವರನ್ನು ಸೇರುತ್ತದೆ. ಅಲ್ಲಿ ಕೋಡಿಗೆ ಕೋಡು ತಾಗಿಸಿ ಬಲ ಅಳೆಯುವುದನ್ನು ಕಲಿಯುತ್ತದೆ. ಕಂದು ಮೈ ವಯಸ್ಸಿನೊಂದಿಗೆ ಕಪ್ಪಾಗುತ್ತದೆ. ಸಮರ್ಥವಾದುದು ಹೊರಟು, ಹಿಕ್ಕೆಯ ರಾಶಿಯಿಂದಲೂ ಕಣ್ಣಿನ ಬಳಿಯ ಗ್ರಂಥಿಯ ವಾಸನೆಯಿಂದಲೂ ತನ್ನ ನೆಲದ ಎಲ್ಲೆ ಗುರುತಿಸುತ್ತದೆ. (ಪಟ್ಟಾ ಪುಸ್ತಕವಿಲ್ಲದ ಸ್ವಾಧೀನ!) ಸೋತುದು ಗುಂಪಿಗೆ ಮರಳುತ್ತದೆ. ಶೀತದೇಶದ ಜಿಂಕೆಗಳಿಗೆ ಕೂಡುವ ಋತು ಒಂದೇ. ಅದು ಮುಗಿದರೆ ಗಂಡುಗಳು ಮತ್ತೆ ಜೊತೆಗೂಡುತ್ತವೆ. ಕೃಷ್ಣಮೃಗಕ್ಕೆ ವರ್ಷವಿಡೀ ಆ ಕಾಲವಿರುವುದರಿಂದ ಈ ಗುಂಪು ಎಲ್ಲ ತಿಂಗಳಲ್ಲೂ ಕಾಣುತ್ತದೆ.

ಒಳ್ಳೆಯ ನೆಲ ಬಲಿಷ್ಠರ ವಶದಲ್ಲಿದ್ದರೆ ಉಳಿದವು ಅಂಚಿಗೆ ಸರಿಯುತ್ತವೆ. ನಮ್ಮಲ್ಲಿ ಅಂಚೆಂದರೆ ರೈತನ ಹೊಲ. ಎಳೆಯ ಪೈರು ಹೋದವನ ಸಂಕಟ ಸಣ್ಣದಲ್ಲ. ಆದರೆ ಉರುಲು ಒಡ್ಡುವುದು, ತಂತಿಗೆ ಕರೆಂಟು ಹರಿಸುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ; ಕೃಷ್ಣಮೃಗವನ್ನು ಕೊಂದವನಿಗೆ 3ರಿಂದ 7 ವರ್ಷ ಜೈಲು. ಹಾನಿಯಾದ ದಿನವೇ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ತೆಲುಗಿನಲ್ಲಿ ಬರೆಯಬೇಕಾದರೆ ಶಾಲೆಗೆ ಹೋಗುವ ಮಕ್ಕಳನ್ನು ಕೂರಿಸಿಕೊಳ್ಳಿ.