ರಕ್ತಪರೀಕ್ಷೆಯೂ ಹೃದ್ರೋಗವೂ

ಹಾಸನದ ಕಡೆಯಿಂದ ಬಂದ ಸಾವಿನ ಸುದ್ದಿಗಳಿಗೆ ಬೆದರಿ, 2025ರ ಜುಲೈ ತಿಂಗಳಲ್ಲಿ ಜನರು ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದುದು ವಾಚಕರ ನೆನಪಿನಲ್ಲಿರಬಹುದು. ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿಯೂ ರಕ್ತಪರೀಕ್ಷೆಯ ವರದಿಯನ್ನು ಜಾತಕದಂತೆ ಜೋಪಾನ ಮಾಡುವ ಗೃಹಸ್ಥರನ್ನು ಕಾಣುತ್ತಿದ್ದೇವೆ. ಹೃದಯದ ವಿಷಯದಲ್ಲಿ ಆ ವರದಿಯು ಏನನ್ನು ಹೇಳಬಲ್ಲುದು, ಏನನ್ನು ಹೇಳಲಾರದು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ಬೆಟ್ಟದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠವಷ್ಟೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿದಾಗ ಗುಂಡ್ಲುಪೇಟೆಯವರಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ಹೃದಯದ ಮಾಂಸಖಂಡಕ್ಕೆ ರಕ್ತವು ಸಾಲದೆ ಘಾಸಿಯಾದಾಗ, ಅದರೊಳಗಿನ ಟ್ರೊಪೋನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಜಪಾನಿನ ಎಬಾಷಿ ಎಂಬ ವಿದ್ವಾಂಸರು 1965ರಲ್ಲಿ ಬೆಳಕಿಗೆ ತಂದ ಈ ಪದಾರ್ಥವೇ ಇಂದಿನ ವೈದ್ಯರಿಗೆ ಹೊಗೆ. ಆದರೆ ನೈಯಾಯಿಕರು ಇನ್ನೊಂದು ಮಾತನ್ನೂ ಹೇಳಿರುವರು: ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬ ನಿಯಮವಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡೇ ಅದಕ್ಕೆ ದೃಷ್ಟಾಂತ.

ಹೃದಯದ ಧಮನಿಯು ಕೊಬ್ಬು ಕಟ್ಟಿ ವರ್ಷಗಟ್ಟಲೆ ಕಿರಿದಾಗುತ್ತಿದ್ದರೂ, ಮಾಂಸಖಂಡಕ್ಕೆ ಘಾಸಿಯಾಗುವವರೆಗೆ ಟ್ರೊಪೋನಿನ್ ಏರದೆ ಇರಬಹುದು. ಆಘಾತವಾದ ಮೇಲೂ ಅದು ತೋರಿಬರಲು ಕೆಲವು ಗಂಟೆ ಹಿಡಿಯುವುದುಂಟು. ಆದಕಾರಣವೇ ವೈದ್ಯರು ಗಂಟೆಗಳನ್ನು ಕಳೆದು ಎರಡನೆಯ ಬಾರಿ ರಕ್ತವನ್ನು ತೆಗೆಯುವರು. ಮೂತ್ರಪಿಂಡದ ಕಾಯಿಲೆಯಲ್ಲಿಯೂ ಅದು ಏರಿರುವುದುಂಟಾದ್ದರಿಂದ, ಹೊಗೆಯೆಂದು ತೋರಿದ್ದು ಮಂಜೂ ಆಗಿರಬಹುದು.

ಇನ್ನು ಎಲ್.ಡಿ.ಎಲ್. ಕೊಬ್ಬು, ಸಕ್ಕರೆಯ ಮೂರು ತಿಂಗಳ ಲೆಕ್ಕ ಮೊದಲಾದುವು ಹೊಗೆಯೂ ಅಲ್ಲ, ಒಣಹುಲ್ಲು. ಹುಲ್ಲನ್ನು ಅಳೆದರೆ ಮುಂದಿನ ಅಪಾಯವು ತಿಳಿಯುವುದೇ ಹೊರತು ಧಮನಿಯು ಕಟ್ಟಿದೆಯೇ ಎಂಬುದು ತಿಳಿಯದು. ಇವುಗಳಲ್ಲಿ ಲೈಪೋಪ್ರೋಟೀನ್ (ಎ) ಎಂಬುದು ಬಹುಮಟ್ಟಿಗೆ ವಂಶದಿಂದ ಬರತಕ್ಕದ್ದು. ಪಥ್ಯಕ್ಕೆ ಅಷ್ಟಾಗಿ ಬಗ್ಗದು. ಡೆಸಿಲೀಟರಿಗೆ 50 ಮಿಲಿಗ್ರಾಮನ್ನು ಮೀರಿದರೆ ಅಪಾಯ ಹೆಚ್ಚು. ತಂದೆಗೋ ಅಣ್ಣತಮ್ಮಂದಿರಿಗೋ 55 ವರ್ಷದೊಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರೊಳಗೆ ಹೃದಯಾಘಾತವಾಗಿದ್ದಲ್ಲಿ, ಜನ್ಮದಲ್ಲೊಮ್ಮೆ ಇದನ್ನು ಮಾಡಿಸುವುದು ಯುಕ್ತ. ಹತ್ತಾರು ಪರೀಕ್ಷೆಗಳನ್ನು ಮೂಟೆಕಟ್ಟಿ ರಿಯಾಯಿತಿಗೆ ಮಾರುವವರನ್ನು, ಅದರಲ್ಲಿ ಇದುಂಟೇ ಎಂದು ಕೇಳಿ ನೋಡಿರಿ!

ನಮಗೆ ಭಯವಿರುವುದು ಬೇರೆಡೆ. ಎದೆಯಲ್ಲಿ ಭಾರ, ತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಬಂದರೂ, "ಹೋದ ತಿಂಗಳು ರಕ್ತದಲ್ಲಿ ಎಲ್ಲವೂ ಸರಿಯಾಗಿತ್ತು, ಇದು ಗ್ಯಾಸು" ಎಂದು ಜೀರಿಗೆ ಕಷಾಯವನ್ನು ಕುಡಿದು ಮಲಗುವವರುಂಟು. ಆಗ ಬೇಕಾದುದು ಇ.ಸಿ.ಜಿ. ಆಸ್ಪತ್ರೆಯನ್ನು ಸೇರಿದ 10 ನಿಮಿಷಗಳೊಳಗೆ ಅದನ್ನು ತೆಗೆಯಬೇಕೆಂಬುದು ವೈದ್ಯರ ನಿಯಮ. ಧಮನಿಯು ಪೂರ್ತಿ ಮುಚ್ಚಿದ ಲಕ್ಷಣವು ಅದರಲ್ಲಿ ಕಂಡರೆ, ರಕ್ತದ ವರದಿಗಾಗಿ ಅವರು ಕಾಯುವುದಿಲ್ಲ.

ಗುಂಡ್ಲುಪೇಟೆಯಿಂದಾಗಲಿ ಚಾಮರಾಜನಗರದಿಂದಾಗಲಿ ಮೈಸೂರಿಗೆ ಸುಮಾರು 60 ಕಿಲೋಮೀಟರು. ಅಷ್ಟು ದೂರ ಸಾಗಿಸುವ ಮೊದಲೇ ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು ತಜ್ಞರಿಗೆ ತೋರಿಸಿ, ಅವಶ್ಯವಾದರೆ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶ. ಗಡಿಯಾಚೆಯ ಗಾಜನೂರಿನ ಮನೆತನದ ಆ ನಟರು 2021ರ ಅಕ್ಟೋಬರಿನಲ್ಲಿ, 46ನೆಯ ವಯಸ್ಸಿನಲ್ಲಿ, ತೀರಿಕೊಂಡುದನ್ನು ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಎದೆನೋವು ಬಂದವರು 108ಕ್ಕೆ ಫೋನು ಮಾಡಿ ಹೊರಡಲಿ. ಹಳೆಯ ವರದಿಗಳ ಕಟ್ಟನ್ನು ಮನೆಯವರು ಹುಡುಕಿ ಹಿಂದಿನಿಂದ ತಂದರಾಯಿತು.